ಅರವತ್ತನೆಯ ಹಲ್ಲು

ಇದನ್ನು ಹಲ್ಲು ಕಚ್ಚಿಕೊಂಡು ಓದಬೇಕು. ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು. ನಾನು ಒಂದಕ್ಕೆ ಇನ್ನೊಂದು ಸೇರಿಸಿಲ್ಲ. ಸೇರಿಸಿದವನು ಬೇರೆ ಇದ್ದಾನೆ, ಅವನ ಸರದಿ ಬಂದಾಗ ಬರುತ್ತಾನೆ.

ಶನಿವಾರ ಬೆಳಿಗ್ಗೆ ಆರೂವರೆ. ಹಾಸನದ ಡೆಂಟಲ್ ಕಾಲೇಜೊಂದರ ನೆಲಮಹಡಿಯ ಪ್ರಾಕ್ಟಿಕಲ್ ಲ್ಯಾಬು. ಒಳಗೆ ಕಾಲಿಟ್ಟರೆ ಘಮ್ಮೆಂದು ಓಂಕಾಳಿನ ವಾಸನೆ. ಯಾರೋ ಕೋಡುಬಳೆ ಕರಿಯುತ್ತಿದ್ದಾರೆ ಅಂದುಕೊಂಡು ಬಾಯಲ್ಲಿ ನೀರೂರಿಸಿಕೊಂಡರೆ ಮೋಸ ಹೋದಿರಿ. ಕಿತ್ತ ಹಲ್ಲುಗಳನ್ನು ಕೆಡದಂತೆ ನೆನೆಹಾಕುವ ಔಷಧಿ ನೀರಿಗೆ ಆ ವಾಸನೆ. ಕಿಟಕಿಯ ಪಕ್ಕದ ಮೇಜಿನಲ್ಲಿ, ಸೀರೆಯ ಮೇಲೆ ನೀಲಿ ಕೋಟು ಹಾಕಿ, ಎರಡೂ ಕೈಗೆ ಗ್ಲೌಸ್ ಏರಿಸಿಕೊಂಡು ಕೂತಿದ್ದಾರೆ ನಾಗಲಕ್ಷ್ಮಿ. ವಯಸ್ಸು ಐವತ್ತೆರಡು, ಹುದ್ದೆ ಲ್ಯಾಬ್ ಅಟೆಂಡರ್. ದೊಡ್ಡ ಗಾಜಿನ ಜಾಡಿಯಿಂದ ಚಿಮಟದಲ್ಲಿ ಒಂದೊಂದೇ ಹಲ್ಲು ಎತ್ತಿ, ನೀರು ತುಂಬಿದ ಬಿಳಿ ಟ್ರೇಗೆ ಇಳಿಸುತ್ತಿದ್ದಾರೆ. ಪಕ್ಕದಲ್ಲಿ ಒಂದು ಪುಟ್ಟ ಬಟ್ಟಲು. ಅದರಲ್ಲಿ ಒಂದೇ ಒಂದು ಹಲ್ಲು, ಒಂಟಿಯಾಗಿ ಕಾಯುತ್ತಿದೆ.

"ಐವತ್ತೆಂಟು, ಐವತ್ತೊಂಬತ್ತು, ಅರ್ವತ್ತು."

ಚಿಮಟ ಗಾಳಿಯಲ್ಲೇ ನಿಲ್ಲುತ್ತದೆ. ಎಲ್ಲವನ್ನೂ ಜಾಡಿಗೆ ಸುರಿದು ಮತ್ತೆ ಎಣಿಸುತ್ತಾರೆ. ಮೂರನೆಯ ಸಲವೂ ಎಣಿಸುತ್ತಾರೆ. ಮುಖದ ಬಣ್ಣ ಇಳಿಯುತ್ತಿದೆ.

"ಎಷ್ಟಿದೆ?" ಎನ್ನುತ್ತೇನೆ, ಇವರ ಕೆಲಸ ನೋಡಿ ಬರೆಯಲೆಂದು ಮೂರು ದಿನದಿಂದ ಇಲ್ಲಿರುವ ನಾನು.

"ಅರ್ವತ್ತು ಸಾ."

"ಎಷ್ಟಿರಬೇಕಿತ್ತು?"

"ಐವತ್ತೊಂಬತ್ತು."

ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿ ಕಡೆಯವರು ನಾಗಲಕ್ಷ್ಮಿ. ಅವರ ಕೆಳಸಾಲಿನಲ್ಲಿ ಒಂದು ಹಲ್ಲಿಲ್ಲ. ಹಕಾರ ಆ ಸಂದಿಯಲ್ಲೇ ಜಾರಿ ಹೋಗುತ್ತದೋ ಏನೋ, ಅವರ ಬಾಯಲ್ಲಿ ಹಲ್ಲು ‘ಅಲ್ಲು’ ಆಗುತ್ತದೆ. "ಗುರ್ವಾರ ಸಾಯಂಕಾಲ ಅರ್ವತ್ತಿತ್ತು. ಒಂದ್ರಲ್ಲಿ ಕೂದ್ಲೆಳೆಯಂಗೆ ಬಿರುಕು ಕಾಣ್ತು, ತಗ್ದು ಆಚೆ ಮಡುಗ್ದೆ. ಐವತ್ತೊಂಬತ್ತು ಉಳೀತಾ? ಅದ್ರ ಬದ್ಲಿಗೆ ಇವತ್ತು ಈ ಬಟ್ಲಲ್ಲಿರೋ ಅಲ್ನ ಆಕ್ಬೇಕಿತ್ತು. ಈಗ್ ನೋಡುದ್ರೆ ಜಾಡಿ ತುಂಬಿ ಕುಂತೈತೆ. ಇದ್ಕೆ ಜಾಗ್ವೇ ಇಲ್ಲ."

ಎಣಿಕೆ ಸರಿಯಾಗಿದೆ. ತಪ್ಪಾಗಿರುವುದೇ ಅದು. ನಿನ್ನೆ ಶುಕ್ರವಾರ ನಾಗಲಕ್ಷ್ಮಿ ಚನ್ನರಾಯಪಟ್ಟಣಕ್ಕೆ ಹೋಗಿದ್ದಾಗ, ಈ ಜಾಡಿಗೆ ಯಾವುದೋ ಊರಿನ, ಯಾರದೋ ಬಾಯಿಯ ಹಲ್ಲೊಂದು ಬಂದು ಸೇರಿಕೊಂಡಿದೆ.

ಇದರಲ್ಲಿ ಬೆವರುವಂಥದ್ದೇನಿದೆ ಎಂದು ನನಗೂ ಮೊದಲು ಅನ್ನಿಸಿತು. ಏಳು ಗಂಟೆಗೆ ಬಂದ ಡಾಕ್ಟರ್ ಗೌತಮಿಯ ಮುಖ ನೋಡಿದ ಮೇಲೆ ಅರ್ಥವಾಯಿತು. ಗೌತಮಿ ಹೊಳೆನರಸೀಪುರದ ದೇವಸ್ಥಾನದ ಬೀದಿಯ ಹುಡುಗಿ, ಇಲ್ಲಿ ಕೊನೆಯ ವರ್ಷದ ಪಿ.ಜಿ. ಇದ್ದಿಲು, ಇಟ್ಟಿಗೆಪುಡಿ ಹಾಕಿ ವರ್ಷಗಟ್ಟಲೆ ಉಜ್ಜಿದ ಬಾಯಲ್ಲಿ, ಒಸಡಿನ ಅಂಚಿಗೆ ಹಲ್ಲು ಸವೆದು ಕೊಡಲಿ ಏಟು ಬಿದ್ದಂತೆ ಕಚ್ಚಾಗುತ್ತದೆ. ಅಲ್ಲಿ ಹಾಕಿದ ಫಿಲ್ಲಿಂಗ್ ನಿಲ್ಲುವುದೇ ಕಷ್ಟ. ಯಾವ ಫಿಲ್ಲಿಂಗ್ ಭದ್ರವಾಗಿ ಕೂರುತ್ತದೆ ಎನ್ನುವುದೇ ಗೌತಮಿಯ ಸಂಶೋಧನೆ. ನಾಲ್ಕು ಬಗೆಯ ಫಿಲ್ಲಿಂಗ್, ಒಂದೊಂದಕ್ಕೆ ಹದಿನೈದು ಹಲ್ಲು, ಒಟ್ಟು ಅರವತ್ತು. ಎಲ್ಲವೂ ಕೆಳದವಡೆಯಲ್ಲಿ ಕೋರೆಹಲ್ಲಿನ ಪಕ್ಕ ಕೂರುವ ಹಲ್ಲುಗಳೇ. ಫಿಲ್ಲಿಂಗ್ ಆದ ಮೇಲೆ ಬಣ್ಣದ ನೀರಲ್ಲಿ ಮುಳುಗಿಸಿ, ಹಲ್ಲನ್ನು ಸೀಳಿ, ಬಣ್ಣ ಎಷ್ಟು ಒಳಗೆ ಇಳಿದಿದೆ ಎಂದು ನೋಡುತ್ತಾರೆ.

ಹಲ್ಲು ಕಿತ್ತ ಮೂರು ತಿಂಗಳೊಳಗೆ ಫಿಲ್ಲಿಂಗ್ ಆಗಬೇಕೆಂದು ಗೌತಮಿ ಮೊದಲೇ ಬರೆದುಕೊಟ್ಟಿದ್ದಾರೆ. ಜಾಡಿಯ ಮೊದಲ ಒಂಬತ್ತು ಹಲ್ಲುಗಳಿಗೆ ಇವತ್ತೇ ತೊಂಬತ್ತನೆಯ ದಿನ. ಹತ್ತು ಗಂಟೆಗೆ ಗೈಡ್ ಡಾಕ್ಟರ್ ಯಶೋಧರಾ ಬಂದು, ಚೀಟಿ ಎತ್ತಿಸಿ, ಹಲ್ಲುಗಳನ್ನು ನಾಲ್ಕು ಪಾಲು ಮಾಡುತ್ತಾರೆ. ಒಂದು ಹಲ್ಲು ಎಲ್ಲಿಯದೋ, ಎಂದು ಕಿತ್ತದ್ದೋ, ಒಣಗಿ ಬಿರಿದದ್ದೋ ತಿಳಿಯದೆ ಇದ್ದರೆ ಅರವತ್ತನ್ನೂ ಬದಿಗಿಡಬೇಕು. ಮತ್ತೆ ಅರವತ್ತು ಕೂಡಿಸಲು ಮೂರು ತಿಂಗಳು. ಗೌತಮಿಯ ಪ್ರಬಂಧ ಒಪ್ಪಿಸಲು ಉಳಿದಿರುವುದು ಎರಡೂವರೆ.

"ನಾಗಕ್ಕ, ನೀವು ಗುರುವಾರ ತಪ್ಪಾಗಿ ಎಣಿಸಿರಬಹುದಲ್ವಾ?" ಗೌತಮಿಯ ಪ್ರಶ್ನೆಯಲ್ಲಿ ಪ್ರಶ್ನೆಗಿಂತ ಬೇಡಿಕೆಯೇ ಜಾಸ್ತಿ.

"ಇಲ್ಲ ಕಣವ್ವ."

ಲ್ಯಾಬ್ ಟೆಕ್ನೀಷಿಯನ್ ಅರುಣ್‌ಕುಮಾರ್ ಟಿಫನ್ ಡಬ್ಬಿ ಹಿಡಿದು ಒಳಗೆ ಬರುತ್ತಾರೆ. ವಿಷಯ ಕೇಳಿ ಡಬ್ಬಿಯನ್ನು ಮೇಜಿನ ಮೇಲೆ ಇಡುತ್ತಾರೆ. "ಅರವತ್ತು ಬೇಕಿತ್ತು, ಅರವತ್ತು ಐತೆ. ಕಮ್ಮಿ ಆಗಿದ್ರೆ ಅಳಬೇಕು. ಸರಿಯಾಗಿರೋದಕ್ಕೂ ಅಳ್ತಾರಾ? ಯಾರಿಗ್ ಗೊತ್ತಾಗುತ್ತೆ ನಾಗಕ್ಕ? ಸುಮ್ನಿರಿ."

ಗೌತಮಿ ಬೇಡವೆನ್ನುವುದಿಲ್ಲ. ಮೂವರೂ ಜಾಡಿಯನ್ನೇ ನೋಡುತ್ತಾರೆ.

"ಅರುಣಪ್ಪ," ಎನ್ನುತ್ತಾರೆ ನಾಗಲಕ್ಷ್ಮಿ, "ನಿಮ್ಮನೆ ಮದ್ವೇಲಿ ಅರ್ವತ್ತು ಎಲೆ ಆಕವ್ರೆ ಅಂತಿಟ್ಕೋ. ಕರೀದೆ ಇದ್ದೋನೊಬ್ಬ ಬಂದು ಕುಂತ್ರೆ, ಕರ್ದೋನೊಬ್ಬ ಆಚೆ ನಿಂತವ್ನೆ ಅಂತ ಅರ್ಥ ಅಲ್ವಾ?" ಮಾತು ಮುಗಿಸಿ ಬಟ್ಟಲನ್ನು ತೋರಿಸುತ್ತಾರೆ. ಒಂಟಿ ಹಲ್ಲು ಅಲ್ಲೇ ಇದೆ.

ಅದು ಅರಕಲಗೂಡಿನ ದೊಡ್ಡತಾಯಮ್ಮನ ಹಲ್ಲು. ಅದರ ಕಥೆ ಹೇಳದೆ ನಾಗಲಕ್ಷ್ಮಿಯ ಕೆಲಸ ಅರ್ಥವಾಗುವುದಿಲ್ಲ.

ಹಲ್ಲಿನ ಡಾಕ್ಟರು ಹುಟ್ಟುವುದು ಹಲ್ಲಿನ ಮೇಲೆ. ಬದುಕಿರುವವರ ಬಾಯಿಗೆ ಕೈ ಹಾಕುವ ಮುಂಚೆ ವಿದ್ಯಾರ್ಥಿಗಳು ಕಿತ್ತ ಹಲ್ಲುಗಳನ್ನು ಗಾರೆಯ ಅಚ್ಚಿನಲ್ಲಿ ನಿಲ್ಲಿಸಿ ಕೊರೆಯುತ್ತಾರೆ, ತುಂಬುತ್ತಾರೆ, ಕೆಡಿಸುತ್ತಾರೆ, ಮತ್ತೆ ಕೊರೆಯುತ್ತಾರೆ. ಪ್ಲಾಸ್ಟಿಕ್ ಹಲ್ಲೂ ಉಂಟು. ನಿಜದ ಹಲ್ಲು ಡ್ರಿಲ್ಲಿನ ಕೆಳಗೆ ಹೇಗೆ ಗೊಣಗುತ್ತದೆ ಎನ್ನುವುದನ್ನು ಅದು ಕಲಿಸುವುದಿಲ್ಲ. ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಹಲ್ಲು ಬೇಕು. ಅವನ್ನು ತರುವವರು ಹತ್ತೊಂಬತ್ತು ವರ್ಷದಿಂದ ನಾಗಲಕ್ಷ್ಮಿ. ಸೋಮವಾರ ಹೊಳೆನರಸೀಪುರ, ಬುಧವಾರ ಅರಕಲಗೂಡು, ಶುಕ್ರವಾರ ಚನ್ನರಾಯಪಟ್ಟಣ. ಒಟ್ಟು ಹನ್ನೊಂದು ಕ್ಲಿನಿಕ್ಕು. ಬೆಳಗಿನ ಬಸ್ಸು, ಹೆಗಲಿಗೆ ಐಸ್‌ಕ್ರೀಮಿನವರ ಪೆಟ್ಟಿಗೆಯಂಥ ಚೀಲ, ಒಳಗೆ ಓಂಕಾಳು ವಾಸನೆಯ ಬಾಟಲಿಗಳು. ಒಮ್ಮೆ ಕಂಡಕ್ಟರ್ ಕೋಡುಬಳೆ ಇರಬೇಕೆಂದು ಆಸೆಪಟ್ಟು ಕೇಳಿ, ಬಾಟಲಿ ಇಣುಕಿ, ಮುಂದಿನ ಸ್ಟಾಪಿನವರೆಗೂ ಹಿಂದಿನ ಸೀಟಿನ ಕಡೆ ಬರಲಿಲ್ಲವಂತೆ.

ತಂದ ಮೇಲೆ ಕೆರೆದು ತೊಳೆಯುವುದು, ಮೇಲ್ಸಾಲು ಕೆಳಸಾಲು ಎಡ ಬಲ ಎಂದು ಬೇರೆ ಮಾಡುವುದು, ವಾರಕ್ಕೊಮ್ಮೆ ನೀರು ಬದಲಿಸುವುದು, ಟಾರ್ಚು ಹಿಡಿದು ಬಿರುಕು ಹುಡುಕುವುದು. "ಅಲ್ಲು ಒಣಗ್ಬಾರ್ದು ಸಾ. ಒಣಗ್ದೇಟ್ಗೆ ಕೆರೆ ಮಣ್ಣಂಗೆ ಬಿರಿತದೆ. ಬಿರಿದ್ ಅಲ್ಲಲ್ಲಿ ಕಲ್ತ್ ಉಡ್ಗ ತಪ್ಪೇ ಕಲೀತಾನೆ." ಓದಿದ್ದು ಏಳನೇ ಕ್ಲಾಸು. ಆದರೆ ಎರಡನೇ ವರ್ಷದ ಹುಡುಗರು ಪರೀಕ್ಷೆಯ ಹಿಂದಿನ ದಿನ ಪುಸ್ತಕ ಮುಚ್ಚಿ ಇವರ ಮುಂದೆ ಸಾಲು ನಿಲ್ಲುತ್ತಾರೆ: ನಾಗಕ್ಕ, ಇದು ಎಡಗಡೆದಾ, ಬಲಗಡೆದಾ?

ಹುಡುಗರು ಮೇಣದಲ್ಲಿ ಕೆತ್ತುವ ಹಲ್ಲುಗಳಿಗೂ ನಾಗಲಕ್ಷ್ಮಿಯೇ ಮೊದಲ ಪರೀಕ್ಷಕರು. "ಇದು ಅಲ್ಲೋ, ಅಲಸಿನ್ ಬೀಜ್ವೋ?" ಎಂದು ಕೇಳಿಸಿಕೊಳ್ಳದೆ ಪಾಸಾದವರು ಕಡಿಮೆ. ಗೊರೂರಿನ ಮನು ಮೊದಲ ವರ್ಷದಲ್ಲಿ ಮೇಣದ ಹಲ್ಲೊಂದನ್ನು ಇವರ ಜಾಡಿಗೆ ಹಾಕಿ ಯಾಮಾರಿಸಲು ನೋಡಿದ್ದನಂತೆ. ಮೇಣ ತೇಲಿತು. ಅಂದಿನಿಂದ ಅವನಿಗೆ ‘ತೇಲೋ ಡಾಕ್ಟ್ರು’ ಎಂದೇ ಹೆಸರು. ಈಗ ಓದು ಮುಗಿಸಿ ಹೌಸ್ ಸರ್ಜನ್ ಆದರೂ ಹೆಸರು ಮುಳುಗಿಲ್ಲ.

ನಾಗಲಕ್ಷ್ಮಿಯದು ಒಂದೇ ಕಟ್ಟುನಿಟ್ಟು. ಸಂಶೋಧನೆಯ ಜಾಡಿಗೆ ಹೋಗುವ ಪ್ರತಿ ಹಲ್ಲಿನ ಯಜಮಾನರನ್ನೂ ಕೇಳಬೇಕು. ಕ್ಲಿನಿಕ್ಕಿನಲ್ಲಿ ಒಂದು ಕಾಗದ ಇರುತ್ತದೆ, ಸಹಿ ಹಾಕಿಸಿಕೊಳ್ಳುತ್ತಾರೆ. ಇವರಿಗೆ ಅದು ಸಾಲದು. ದವಡೆಗೆ ಹತ್ತಿ ಕಚ್ಚಿ ಕೂತವರ ಎದುರಿಗೆ ಕೂತು ತಾವೇ ಕೇಳುತ್ತಾರೆ.

ದೊಡ್ಡತಾಯಮ್ಮ ಒಪ್ಪಿರಲಿಲ್ಲ. ಆ ಮುದುಕಿಯ ಮಾತನ್ನು ನಾಗಲಕ್ಷ್ಮಿ ಹತ್ತಿ ಕಚ್ಚಿದ ಬಾಯಿಯಂತೆ ಒಂದು ಕೆನ್ನೆ ಉಬ್ಬಿಸಿಕೊಂಡು ಹೇಳಿ ತೋರಿಸುತ್ತಾರೆ: "ಮಣ್ಗಿಡೋವಾಗ ಮೈಯೆಲ್ಲ ಸರ್ಯಾಗಿರ್ಬೇಕು ಕಣವ್ವ. ನಮ್ಮತ್ತೆ ಬಿದ್ದ ಅಲ್ಲನ್ನೆಲ್ಲ ಡಬ್ಬೀಲಿ ಮಡುಗಿದ್ರು, ಜತೇಲೇ ಕಳಿಸ್ದೋ. ನಾ ಕೊಡಾಕಿಲ್ಲ." ಸರಿ, ಹಲ್ಲು ಕ್ಲಿನಿಕ್ಕಿನಲ್ಲೇ ಪ್ರತ್ಯೇಕ ಬಾಟಲಿಯಲ್ಲಿ ಕೂತಿತು. ಮೂರನೆಯ ಬುಧವಾರ ಮುದುಕಿ ತಾನೇ ಬಂದು ಕೇಳಿತಂತೆ: "ನನ್ನ್ ಅಲ್ಲು ಅಲ್ಲೋಗಿ ಏನ್ ಮಾಡ್ತದೆ?"

"ಡಾಕ್ಟ್ರುಗೊಳ್ಗೆ ಪಾಠ ಏಳ್ತದೆ ಕಣಜ್ಜಿ."

"ನಾನು ಇಸ್ಕೂಲ್ ಮೆಟ್ಲು ಅತ್ನಿಲ್ಲ. ಅದಾದ್ರೂ ಕಾಲೇಜ್ ನೋಡ್ಲಿ. ಆದ್ರೆ ಸುಮ್ಕೆ ಬಿಸಾಕ್ಬಾರ್ದು. ಮಾತ್ ಕೊಡು."

ನಾಗಲಕ್ಷ್ಮಿ ಕೊಟ್ಟಿದ್ದಾರೆ. ಆ ಮಾತು ಈಗ ಬಟ್ಟಲಿನಲ್ಲಿ ನೆನೆಯುತ್ತಿದೆ.

ಏಳೂವರೆ. ನಾಗಲಕ್ಷ್ಮಿ ಮೂರು ಸ್ಟೀಲ್ ತಟ್ಟೆಗೆ ನೀರು ಹಾಕಿ ಸಾಲಾಗಿ ಇಡುತ್ತಾರೆ. ಒಂದೊಂದು ತಟ್ಟೆ ಒಂದೊಂದು ಊರು. ರಿಜಿಸ್ಟರಿನ ಪ್ರಕಾರ ಹೊಳೆನರಸೀಪುರದ್ದು ಇಪ್ಪತ್ತೆರಡು, ಚನ್ನರಾಯಪಟ್ಟಣದ್ದು ಹದಿನೆಂಟು, ಅರಕಲಗೂಡಿನದು ಇಪ್ಪತ್ತು. ಬಿರುಕು ಬಿಟ್ಟದ್ದು ಅರಕಲಗೂಡಿನದೇ, ಹಾಗಾಗಿ ಅಲ್ಲಿ ಹತ್ತೊಂಬತ್ತು. ರಿಜಿಸ್ಟರಿನಲ್ಲಿ ಹೆಸರಿಲ್ಲ, ಇರಲೂ ಕೂಡದು. ಗುರುವಾರ ತೊಳೆದು ಎಲ್ಲವನ್ನೂ ಒಂದೇ ಜಾಡಿಗೆ ಸುರಿದಾಗಿದೆ. ಈಗ ಯಾವ ಹಲ್ಲು ಯಾರದೆಂದು ಬರೆದಿಟ್ಟಿರುವ ಜಾಗ ಒಂದೇ, ನಾಗಲಕ್ಷ್ಮಿಯ ತಲೆ.

"ಅರವತ್ತೂ ನೆನಪಿದೆಯೇ?"

"ಮುಖ ಮರ್ತೋಯ್ತದೆ ಸಾ. ಅಲ್ಲು ಮರ್ಯಾಕಿಲ್ಲ."

ಒಂದು ಕೈಯಲ್ಲಿ ಟಾರ್ಚು, ಒಂದು ಕೈಯಲ್ಲಿ ಚಿಮಟ. ಒಂದು ಹಲ್ಲು ನೀರಿನಿಂದ ಆಚೆ ಇರುವುದು ಹೆಚ್ಚೆಂದರೆ ಹತ್ತು ಎಣಿಸುವಷ್ಟು ಹೊತ್ತು. "ಇದು ರುದ್ರಪಟ್ಟಣದ ಪಿಟೀಲು ಮೇಷ್ಟ್ರುದು. ಮೂರೊತ್ತೂ ಎಲೆಯಡ್ಕೆ, ನೋಡಿ ಸುಣ್ಣದ್ ಕರೆ. ಅರಕಲಗೂಡು ತಟ್ಟೆ. ಇದು ಗೊರೂರಲ್ಲಿ ಮೀನಿಡಿಯೋ ಭೀಮಂದು. ಸೋಡಾ ಮುಚ್ಚಳ ಅಲ್ಲಲ್ಲೇ ತಗೀತಾನೆ, ಮೂಲೆ ಆರೋಗೈತೆ. ಅದೂ ಅರಕಲಗೂಡು. ಇದು ಲಕ್ಷ್ಮೀನರಸಿಂಹ ಮೇಷ್ಟ್ರುದು. ನಿದ್ದೇಲಿ ಕಟಕಟ ಕಡೀತಾರಂತೆ, ನೆತ್ತಿ ನುಣ್ಗಾಗೈತೆ. ಒಳೆನರ್ಸೀಪುರ." ಪ್ರತಿಯೊಂದಕ್ಕೂ ಅದರದೇ ಮುಖ, ಅದರದೇ ಚಾಳಿ. ಪ್ರತಿ ಹಲ್ಲು ಕೆಳಗಿಳಿದಾಗಲೂ ಗೌತಮಿ ಗೋಡೆ ಗಡಿಯಾರ ನೋಡುತ್ತಾರೆ. ಅರುಣ್‌ಕುಮಾರ್ ಟಿಫನ್ ಮರೆತಿದ್ದಾರೆ.

ಎಂಟೂ ನಲವತ್ತು. ಜಾಡಿ ಖಾಲಿ. ಅಪರಿಚಿತ ಸಿಕ್ಕಿಲ್ಲ.

ಒಣಗಿದ ಹಲ್ಲು ಕಂಡಿಲ್ಲ, ಹಳೆಯದು ಕಂಡಿಲ್ಲ, ಬಿರಿದದ್ದು ಕಂಡಿಲ್ಲ. ನಾಗಲಕ್ಷ್ಮಿ ಕುರ್ಚಿಗೆ ಒರಗಿ ಮೊದಲ ಸಲ ಕಣ್ಣು ಮುಚ್ಚುತ್ತಾರೆ. "ಎಲ್ಲಾರೂ ನಮ್ಮೋರೇ. ಒಬ್ರೂ ಬ್ಯಾರೇರಿಲ್ಲ."

"ಹಾಗಾದ್ರೆ ಬಿಡಿ ನಾಗಕ್ಕ," ಎನ್ನುತ್ತಾರೆ ಗೌತಮಿ. "ನಿಮಗೇ ಸಿಗಲಿಲ್ಲ ಅಂದ್ರೆ ಇನ್ಯಾರಿಗೂ ಸಿಗಲ್ಲ. ಅರವತ್ತು ಅಂತ ಹೇಳಿಬಿಡೋಣ. ಅಮ್ಮನ ಮೇಲಾಣೆ, ನನಗೂ ಇಷ್ಟ ಇಲ್ಲ. ಆದ್ರೆ ಇನ್ನೇನ್ ಮಾಡ್ಲಿ?"

ನಾಗಲಕ್ಷ್ಮಿ ಬೈಯುವುದಿಲ್ಲ. "ನೀ ಮುಂದೆ ಯಾರ್ದೋ ಬಾಯ್ಗೆ ಆ ಫಿಲ್ಲಿಂಗ್ ಆಕೋವಾಗ, ‘ಇದು ನಿಲ್ತದೆ’ ಅಂತ ಏಳ್ತೀಯಲ್ಲವ್ವ, ಆಗ ನಿನ್ ಬಾಯಿ ತಡವರಿಸ್ಬಾರ್ದು," ಎಂದಷ್ಟೇ ಹೇಳಿ ತಟ್ಟೆಗಳ ಕಡೆ ತಿರುಗುತ್ತಾರೆ. ಊರುವಾರು ಎಣಿಕೆ ಶುರು. ಅರಕಲಗೂಡು, ಹತ್ತೊಂಬತ್ತು. ಸರಿ. ಚನ್ನರಾಯಪಟ್ಟಣ, ಹದಿನೆಂಟು. ಸರಿ.

ಹೊಳೆನರಸೀಪುರ, ಇಪ್ಪತ್ಮೂರು.

ನಾಗಲಕ್ಷ್ಮಿ ಆ ತಟ್ಟೆಯ ಹಲ್ಲುಗಳನ್ನು ಒಂದೊಂದಾಗಿ ಹೆಸರು ಕೂಗುತ್ತಾ ಬದಿಗೆ ಸರಿಸುತ್ತಾರೆ, ಹಾಜರಿ ತೆಗೆದುಕೊಳ್ಳುವ ಮೇಷ್ಟರಂತೆ. ಆರನೆಯ ಹಲ್ಲಿಗೆ "ಟೈಲರ್ ಚನ್ನಪ್ಪ" ಎನ್ನುತ್ತಾರೆ. ಹದಿನೇಳನೆಯ ಹಲ್ಲಿಗೆ "ಟೈಲರ್ ಚನ್..." ಎನ್ನುತ್ತಾರೆ.

ಹೇಳಿದ ಬಾಯಿ ಹಾಗೇ ತೆರೆದಿದೆ.

ಟೈಲರ್ ಚನ್ನಪ್ಪನದು ಹೊಳೆನರಸೀಪುರದ ಬಸ್ ಸ್ಟ್ಯಾಂಡಿನ ಹತ್ತಿರ ಅಂಗಡಿ. ನಲವತ್ತು ವರ್ಷ ಹಲ್ಲಲ್ಲೇ ದಾರ ಕಚ್ಚಿ ತುಂಡು ಮಾಡಿದವರು. ಮುಂದಿನ ಹಲ್ಲು ಹೋದ ಮೇಲೆ ಆ ಕೆಲಸ ಪಕ್ಕದ ಹಲ್ಲಿಗೆ ಬಿತ್ತು. ಅದರ ತುದಿಯಲ್ಲಿ ದಾರ ಕೂರುವಷ್ಟೇ ಅಗಲದ ಒಂದು ಕಚ್ಚು ಬಿದ್ದಿದೆ. ಜಿಲ್ಲೆಯಲ್ಲಿ ಅಂಥದ್ದು ಇನ್ನೊಂದನ್ನು ಕಂಡಿಲ್ಲ ಎಂದು ನಾಗಲಕ್ಷ್ಮಿ ಬಂದವರಿಗೆಲ್ಲ ಟಾರ್ಚು ಹಾಕಿ ತೋರಿಸುತ್ತಿದ್ದ ಹಲ್ಲು ಅದು. ಈಗ ಎರಡಿವೆ. ಅದೇ ಕಚ್ಚು, ಅದೇ ಬೀಡಿ ಬಣ್ಣ, ಬೇರಿನ ತುದಿಯಲ್ಲಿ ಅದೇ ಸಣ್ಣ ಸೊಟ್ಟು. ಅವರು ಇಷ್ಟು ಹೊತ್ತು ಹುಡುಕುತ್ತಿದ್ದದ್ದು ಗುರುತಿಲ್ಲದವರನ್ನು. ಚೆನ್ನಾಗಿ ಗುರುತಿರುವವನೇ ಎರಡು ಸಲ ಒಳಗೆ ಹೋಗಿ ಕೂತಿದ್ದಾನೆ. ಎರಡು ಸಲವೂ ಇವರೇ ಕೈಹಿಡಿದು ಕೂರಿಸಿದ್ದಾರೆ.

"ಇದು ಕಳ್ಳನ್ ಕೆಲ್ಸ ಅಲ್ಲ," ಎನ್ನುತ್ತಾರೆ. "ಕೋತಿ ಕೆಲ್ಸ."

"ಮನು!" ಗೌತಮಿ ಫೋನು ತೆಗೆಯುತ್ತಾರೆ. ಮನು ಊರಿಗೆಲ್ಲ ಹೆಸರಾಂತ ಮಿಮಿಕ್ರಿಗಾರ. ಪ್ರಿನ್ಸಿಪಾಲರು, ವಾರ್ಡನ್, ಯಶೋಧರಾ ಮೇಡಂ, ಯಾರ ಗಂಟಲು ಬೇಕಾದರೂ ಅವನಲ್ಲಿ ಸಿಗುತ್ತದೆ. ಒಮ್ಮೆ ಮೇಡಂ ದನಿಯಲ್ಲಿ ಫೋನು ಮಾಡಿ ಅರುಣ್‌ಕುಮಾರರನ್ನು ಕಾಲು ಗಂಟೆ ನಿಂತೇ ಮಾತಾಡಿಸಿದ್ದನಂತೆ. ಆದರೆ ನಿನ್ನೆ ಸಂಜೆಯೇ ಹಲ್ಲಿನ ಕ್ಯಾಂಪಿಗೆಂದು ಗೊರೂರಿಗೆ ಹೋಗಿದ್ದಾನೆ. ಫೋನು ಸ್ವಿಚ್ ಆಫ್. ಇನ್ನೊಮ್ಮೆ. ಸ್ವಿಚ್ ಆಫ್.

ಒಂಬತ್ತೂ ಹತ್ತು. ಕೋತಿ ಯಾರೆಂದು ಗೊತ್ತಾದರೆ ಸಾಲದು, ಚನ್ನಪ್ಪ ಯಾರೆಂದು ಗೊತ್ತಾಗಬೇಕು. ಎರಡನ್ನೂ ಆಚೆ ಹಾಕಿದರೆ ಲೆಕ್ಕ ಒಂದು ಕಮ್ಮಿ. ದೊಡ್ಡತಾಯಮ್ಮನದು ಬಿಟ್ಟರೆ ಮೀಸಲು ಹಲ್ಲು ಬೇರೆ ಇಲ್ಲ. ಎಕ್ಸ್‌ರೇ ರೂಮಿನ ಬೀಗ ತೆಗೆಯುವುದು ಹತ್ತಕ್ಕೆ. ಸೂಜಿಯಲ್ಲಿ ಗೀರಿ ನೋಡಬಹುದು ಎನ್ನುತ್ತಾರೆ ಅರುಣ್‌ಕುಮಾರ್. ನಿಜದ ಹಲ್ಲಿಗೆ ಗೀರು ಬಿದ್ದರೆ ಅದೂ ಕೆಟ್ಟಂತೆ, ಆಗುವುದಿಲ್ಲ ಎನ್ನುತ್ತಾರೆ ಗೌತಮಿ. ನಾಗಲಕ್ಷ್ಮಿ ಎರಡನ್ನೂ ಅಂಗೈಯಲ್ಲಿ ತೂಗುತ್ತಾರೆ. ನೀರಿಗೆ ಬಿಟ್ಟು ನೋಡುತ್ತಾರೆ. ಎರಡೂ ಮುಳುಗುತ್ತವೆ. ಈ ಸಲ ತೇಲುವ ತಪ್ಪು ಅವನು ಮಾಡಿಲ್ಲ.

ಒಂಬತ್ತೂಕಾಲು. ಇಪ್ಪತ್ತು. ನಾಗಲಕ್ಷ್ಮಿ ಏನನ್ನೋ ಯೋಚಿಸುತ್ತಾ ತಮ್ಮ ಬಾಯಿಯ ಸಂದಿಯನ್ನು ನಾಲಿಗೆಯಿಂದ ಸವರುತ್ತಾರೆ. ಥಟ್ಟನೆ ಎದ್ದು ನಿಲ್ಲುತ್ತಾರೆ. "ಅರುಣಪ್ಪ, ಓಡು. ಎದ್ರುಗಡೆ ಬೇಕ್ರಿಗೋಗು. ವಸಂತಣ್ಣನ್ ಗಲ್ಲಾದ ಮೇಲೆ ನೋಟ್ ನೋಡೋ ದೀಪ ಐತಲ್ಲ, ನೀಲಿದು? ಇಸ್ಕಂಡ್ ಬಾ."

"ಈಗ ನೋಟ್ಯಾಕೆ ನಾಗಕ್ಕ?"

"ನೋಟಲ್ಲ ಕಣಯ್ಯ, ಓಡು!"

ಬೇಕರಿ ವಸಂತ ದೀಪವನ್ನು ಬೇರೆಯವರ ಕೈಗೆ ಕೊಡುವ ಪೈಕಿ ಅಲ್ಲ. ತಾವೇ ವೈರು ಸುತ್ತಿಕೊಂಡು ಬರುತ್ತಾರೆ. "ಬನ್ ಇಳಿಸೋ ಹೊತ್ನಲ್ಲಿ ಏನ್ರೀ ಇದು? ಖೋಟಾ ನೋಟ್ ಸಿಕ್ತಾ?"

"ಖೋಟಾ ಅಲ್ಲು ಸಿಕ್ಕೈತೆ. ಒಸಿ ನಗಿ ವಸಂತಣ್ಣ."

"ಯಾಕೆ?"

"ನಗಿ ಅಂದ್ರೆ!"

ಕಿಟಕಿಗೆ ಪರದೆ ಬೀಳುತ್ತದೆ. ನೀಲಿ ದೀಪದ ಮುಂದೆ ವಸಂತ ಗಾಬರಿಯಲ್ಲೇ ಹಲ್ಲು ಕಿರಿಯುತ್ತಾರೆ. ಸಾಲು ಹಲ್ಲೆಲ್ಲ ಬೆಳ್ಳಗೆ ಮಿನುಗುತ್ತದೆ. ಮುಂದಿನದೊಂದು ಮಾತ್ರ ಕಪ್ಪು ಕಿಂಡಿ. ಅದು ಅವರು ಹಾಕಿಸಿಕೊಂಡಿರುವ ಕ್ಯಾಪು. "ಬನ್ ತಗಳಕ್ ಓದಾಗೆಲ್ಲ ನೋಡ್ತಿದ್ದೆ," ಎನ್ನುತ್ತಾರೆ ನಾಗಲಕ್ಷ್ಮಿ. "ಈವಯ್ಯ ನೋಟಿಡ್ಕಂಡ್ ನಗೋವಾಗ ಆ ಅಲ್ಲೊಂದು ಕಾಣಾಕಿಲ್ಲ. ಉಟ್ಟಿದ್ ಅಲ್ಲು ಉರೀತದೆ, ಮಾಡಿದ್ ಅಲ್ಲು ಆರೋಯ್ತದೆ."

ಒಂಬತ್ತೂ ನಲವತ್ತೊಂದು. ಒದ್ದೆ ಬಟ್ಟೆಯ ಮೇಲೆ ಇಬ್ಬರು ಚನ್ನಪ್ಪಂದಿರು. ನಾಗಲಕ್ಷ್ಮಿ ತಮ್ಮ ನೀಲಿ ಕೋಟು ಬಿಚ್ಚಿ ಮೇಲೆ ಗುಡಾರದಂತೆ ಹಿಡಿಯುತ್ತಾರೆ. ಗೌತಮಿ ದೀಪ ಒಳಗೆ ತೂರಿಸುತ್ತಾರೆ.

ಒಂದು ಹುಣ್ಣಿಮೆ. ಇನ್ನೊಂದು ಅಮಾವಾಸ್ಯೆ.

ನಾಗಲಕ್ಷ್ಮಿಗೆ ಅಷ್ಟು ಸಾಲದು. ಭೀಮನದನ್ನೂ ಲಕ್ಷ್ಮೀನರಸಿಂಹ ಮೇಷ್ಟರದನ್ನೂ ದೊಡ್ಡತಾಯಮ್ಮನದನ್ನೂ ತಂದು ಪಕ್ಕದಲ್ಲಿಡುತ್ತಾರೆ. ಮೂರೂ ಬೆಳಗುತ್ತವೆ. ಆಮೇಲೆ ಕಪ್ಪಾದದ್ದನ್ನು ಎತ್ತಿ ಸೂಜಿಯಲ್ಲಿ ಗೀರುತ್ತಾರೆ. ಗೌತಮಿ ಆ ಪುಡಿಯನ್ನು ಬೆರಳಲ್ಲಿ ತಿಕ್ಕಿ ನೋಡಿ, ಅಳುವುದೋ ನಗುವುದೋ ತಿಳಿಯದೆ ನಿಲ್ಲುತ್ತಾರೆ. "ಇದು ನಮ್ಮ ಫಿಲ್ಲಿಂಗ್ ಮೆಟೀರಿಯಲ್ಲು! ಪೂರ್ತಿ ಹಲ್ಲನ್ನೇ ಫಿಲ್ಲಿಂಗಲ್ಲಿ ಕಟ್ಟಿದಾನೆ. ಪದರ ಪದರವಾಗಿ."

ತುಂಬಲು ಹಲ್ಲು ಬೇಕೆಂದು ಮೂರು ತಿಂಗಳು ಊರೂರು ಅಲೆದರೆ, ಇವನು ತುಂಬುವ ಸಾಮಾನಿನಲ್ಲೇ ಹಲ್ಲು ಮಾಡಿದ್ದಾನೆ.

ಐವತ್ತೊಂಬತ್ತು ಹಲ್ಲುಗಳು ಜಾಡಿಗೆ ಮರಳುತ್ತವೆ. ನಾಗಲಕ್ಷ್ಮಿ ಬಟ್ಟಲನ್ನು ಎತ್ತಿ, "ಬಾ ಅಜ್ಜಿ, ಕಾಲೇಜ್ ಬಂತು," ಎಂದು ದೊಡ್ಡತಾಯಮ್ಮನ ಹಲ್ಲನ್ನು ಇಳಿಸುತ್ತಾರೆ. ಅರವತ್ತು. ಗೌತಮಿ ಸ್ಟೂಲಿನ ಮೇಲೆ ಕುಸಿದು ಕೂರುತ್ತಾರೆ. ಒಂಬತ್ತೂ ಐವತ್ತಾರು. ಬಾಗಿಲಲ್ಲಿ ಡಾಕ್ಟರ್ ಯಶೋಧರಾ. ಬಿಳಿ ಕೋಟು, ಕೈಯಲ್ಲಿ ಚೀಟಿಗಳ ಡಬ್ಬಿ, ಶನಿವಾರವೂ ಮುಖದಲ್ಲಿ ಸೋಮವಾರದ ಬಿಗುವು. "ಪರದೆ ಯಾಕೆ ಹಾಕಿದೆ? ಬೇಕರಿಯವರು ಇಲ್ಲಿ ಯಾಕಿದ್ದಾರೆ?"

ಗೌತಮಿ ಎಲ್ಲವನ್ನೂ ಹೇಳುತ್ತಾರೆ. ಮನುವಿನ ಹೆಸರನ್ನೂ ಹೇಳುತ್ತಾರೆ. ಮೇಡಂ ಖೋಟಾ ಹಲ್ಲನ್ನು ಹಿಡಿದು ನೋಡುತ್ತಾರೆ. ಮುಖ ಬಿಗಿಯುತ್ತಾ ಹೋಗುತ್ತದೆ. ಆ ಹೊತ್ತಿಗೆ ಸರಿಯಾಗಿ ಲ್ಯಾಬಿನ ಮೇಜಿನ ಮೇಲಿದ್ದ ನಾಗಲಕ್ಷ್ಮಿಯ ಫೋನು ರಿಂಗಾಗುತ್ತದೆ. ಕೈಯಲ್ಲಿ ಗ್ಲೌಸ್ ಇದೆಯೆಂದು ಅರುಣ್‌ಕುಮಾರ್ ಸ್ಪೀಕರ್ ಒತ್ತುತ್ತಾರೆ.

"ನಾಗಲಕ್ಷ್ಮೀ," ಎನ್ನುತ್ತದೆ ಫೋನು, ಖಡಕ್ ದನಿಯಲ್ಲಿ, ಪ್ರತಿ ಅಕ್ಷರಕ್ಕೂ ಇಸ್ತ್ರಿ ಹಾಕಿದಂತೆ. "ನಾನು ಡಾಕ್ಟರ್ ಯಶೋಧರಾ. ಹತ್ತು ಗಂಟೆಗೆ ಬರ್ತಿದ್ದೇನೆ. ಜಾಡಿ ಎಣಿಸಿದ್ರಾ? ಅರವತ್ತೊಂದು ಇರಬೇಕಲ್ಲಾ?"

ಅರುಣ್‌ಕುಮಾರ್ ಅಭ್ಯಾಸಬಲದಿಂದ ಎದ್ದು ನಿಲ್ಲುತ್ತಾರೆ. ನಿಜವಾದ ಯಶೋಧರಾ ಮೇಜಿನ ಹತ್ತಿರ ನಡೆದು, ಬಗ್ಗಿ, ಫೋನಿಗೆ ಬಾಯಿ ಕೊಡುತ್ತಾರೆ.

"ಅರವತ್ತೇ ಇದೆಯಲ್ಲ ಯಶೋಧರಾ ಅವರೇ. ಇನ್ನೊಂದು ನನ್ನ ಕೈಯಲ್ಲಿದೆ."

ಫೋನಿನಲ್ಲಿ ಗೊರೂರಿನ ಗಾಳಿ ಬೀಸುವುದು ಕೇಳುತ್ತದೆ. ಆಮೇಲೆ ಇಸ್ತ್ರಿಯೆಲ್ಲ ಮುದುರಿದ ಒಂದು ದನಿ: "...ಮೇಡಂ?"

"ಗೌತಮಿಯ ಮೂರು ತಿಂಗಳು ಮಣ್ಣಾಗ್ತಿತ್ತು, ಗೊತ್ತಾ? ಸೋಮವಾರ ಪ್ರಿನ್ಸಿಪಾಲರ ರೂಮಿನ ಮುಂದೆ ನಿಂತ್ಕೋ. ಹೌಸ್ ಸರ್ಜನ್ಸಿ ಮುಂದುವರಿಯುತ್ತೋ ಇಲ್ವೋ ಅಲ್ಲೇ ತೀರ್ಮಾನ ಆಗ್ಲಿ."

"ಮೇಡಂ, ಅರವತ್ತೊಂದಾಗುತ್ತೆ, ಬೆಳಿಗ್ಗೆ ಎಣಿಸಿದ ಕೂಡ್ಲೇ ನಾಗಕ್ಕ ಹಿಡೀತಾರೆ, ಬೈತಾರೆ, ಮುಗೀತು ಅನ್ಕೊಂಡಿದ್ದೆ. ಒಂದ್ ತೆಗೆದಿದ್ದು ಆಣೆಗೂ ಗೊತ್ತಿರ್ಲಿಲ್ಲ. ಗೌತಮಿ ಮೇಡಂ, ತಪ್ಪಾಯ್ತು. ನಾಗಕ್ಕ..."

ನಾಗಲಕ್ಷ್ಮಿ ಮೇಡಂ ಕೈಯಿಂದ ಖೋಟಾ ಹಲ್ಲನ್ನು ಇಸಿದುಕೊಳ್ಳುತ್ತಾರೆ. "ಲೇ ಮನು. ಅರಕಲಗೂಡಿನ ಅಜ್ಜಿ ಮಣ್ಗೂ ಕೊಡ್ದೆ ನಮ್ಗೆ ಕೊಟ್ಟಿತ್ತು ಕಣ್ಲಾ ತನ್ನ್ ಅಲ್ನ. ಅದು ಆಚೆ ನಿಂತಿತ್ತು. ನಿನ್ ಬೊಂಬೆ ಒಳಗ್ ಕುಂತಿತ್ತು."

ನಾಗಲಕ್ಷ್ಮಿ ಹಲ್ಲನ್ನು ಬೆಳಕಿಗೆ ತಿರುಗಿಸುತ್ತಾರೆ. ದಾರದ ಕಚ್ಚು ನೋಡುತ್ತಾರೆ. ಬೇರಿನ ಸೊಟ್ಟು ನೋಡುತ್ತಾರೆ. "ಎಷ್ಟ್ ದಿನ ಇಡೀತು ಮಾಡಕ್ಕೆ?"

"ಹನ್ನೊಂದು ಸಾಯಂಕಾಲ ನಾಗಕ್ಕ. ನೀವು ಚನ್ನಪ್ಪನವರ ಹಲ್ಲು ತೋರಿಸಿದ ದಿನಾನೇ ಅಚ್ಚು ತಗೊಂಡಿದ್ದೆ."

"ನಾ ನಿಂಗೇ ತೋರ್ಸಿದ್ನಾ?"

"ಎರಡು ಸಲ."

ನಾಗಲಕ್ಷ್ಮಿಯ ಭುಜ ಅಲುಗುತ್ತದೆ. ಈ ಹೆಂಗಸು ನಗುವಾಗ ಬಾಯಿಗೆ ಮೊಣಕೈ ಅಡ್ಡ ಹಿಡಿಯುವುದನ್ನು ನಾನು ಮೂರು ದಿನದಿಂದ ನೋಡುತ್ತಿದ್ದೇನೆ. ಆ ಸಂದಿ ಕಾಣಬಾರದಂತೆ. ಡೆಂಟಲ್ ಕಾಲೇಜಿನಲ್ಲಿದ್ದೂ ಯಾಕೆ ಕಟ್ಟಿಸಿಕೊಂಡಿಲ್ಲ ಎಂದು ಕೇಳಿದ್ದೆ. "ಇವತ್ತು ನಾಳೆ ಅಂತ ಎಂಟ್ ವರ್ಸ ಆಯ್ತು. ಕಿತ್ತಿದ್ನೂ ಇಲ್ಲೇ ಕೊಟ್ಟೆ ಸಾ. ಯಾವ್ನೋ ಒಬ್ಬ ಅದ್ನ ಕೊರ್ದು ಫೇಲಾದ," ಎಂದಿದ್ದರು.

"ಮೇಡಂ, ಪ್ರಿನ್ಸಿಪಾಲ್ರತ್ರ ಬ್ಯಾಡಿ," ಎನ್ನುತ್ತಾರೆ ಈಗ. "ಯಾಮಾರ್ದೋಳು ನಾನು. ಸಿಕ್ಸೆ ನಾನೇ ಕೊಡ್ತೀನಿ. ಏನ್ರಿ ಡಾಕ್ಟ್ರೇ, ಕೇಳುಸ್ತಾ?"

‘ತೇಲೋ’ ಇಲ್ಲದ ಬರಿಯ ಡಾಕ್ಟ್ರು. "ಹೇಳಿ ನಾಗಕ್ಕ," ಎನ್ನುತ್ತದೆ ಫೋನು.

"ಸೋಮ್ವಾರ ಒಳೆನರ್ಸೀಪುರದ್ ಬಸ್ಸು ನಾ ಮದ್ಯಾನ ಇಡೀತೀನಿ. ಬೆಳಿಗ್ಗೆ ನನ್ನನ್ನ ಕುರ್ಚಿ ಮೇಲೆ ಕೂರ್ಸಿ, ನನ್ ಸಂದಿಗೊಂದ್ ಅಲ್ಲು ಮಾಡ್ಕೊಡು. ಟೈಲರ್ ಚನ್ನಪ್ಪಂದ್ ಬ್ಯಾಡ ಕಣ್ಲಾ. ನಾನ್ ದಾರ ಕಚ್ಚಾಕಿಲ್ಲ."

"ಹಾಕೋಕ್ ಮುಂಚೆ ನೀರಿಗ್ ಬಿಟ್ಟು ತೇಲುತ್ತಾ ನೋಡ್ತೀನಿ, ನಾಗಕ್ಕ."

ಮೊದಲು ಬೇಕರಿ ವಸಂತನಿಗೆ ತಡೆಯಲಾಗುವುದಿಲ್ಲ. ಆಮೇಲೆ ಅರುಣ್‌ಕುಮಾರ್, ಆಮೇಲೆ ಕಣ್ಣೊರೆಸಿಕೊಳ್ಳುತ್ತಲೇ ಗೌತಮಿ. ಮೇಡಂ ಚೀಟಿ ಡಬ್ಬಿಯನ್ನು ಮುಖಕ್ಕೆ ಹಿಡಿದುಕೊಂಡು ಕಿಟಕಿಯ ಕಡೆ ತಿರುಗುತ್ತಾರೆ. ಆದರೆ ಎಲ್ಲರಿಗಿಂತ ಜೋರು, ಓಂಕಾಳು ವಾಸನೆಯ ಆ ಲ್ಯಾಬಿನ ಗಾಜೆಲ್ಲ ಝಣಗುಟ್ಟುವಷ್ಟು ಜೋರು ನಗುತ್ತಿರುವವರು ನಾಗಲಕ್ಷ್ಮಿ. ಎರಡೂ ಕೈ ಜಾಡಿಯನ್ನು ಅಪ್ಪಿ ಹಿಡಿದಿವೆ. ಬಾಯಿಗೆ ಅಡ್ಡ ಬರಬೇಕೆಂಬುದು ಮೊಣಕೈಗೆ ಮರೆತೇ ಹೋಗಿದೆ.